ನಾಯಕರು ಹೋದರು, ಶಾಖೆಗಳು ಏನಾದವು?

ತಳಸಮುದಾಯಗಳ ಚಳವಳಿಗಳ ಬಗ್ಗೆ ಕರ್ನಾಟಕದಲ್ಲಿ ಒಂದು ತೀರ್ಪು ಬಹುಕಾಲದಿಂದ ಚಲಾವಣೆಯಲ್ಲಿದೆ. ಬೀದಿಯಲ್ಲಿ ಇರುವವರೆಗೆ ಚಳವಳಿ ಜೀವಂತವಾಗಿತ್ತು, ಪಕ್ಷಗಳ ಹೊಸ್ತಿಲು ದಾಟಿದ ದಿನ ಸತ್ತಿತು. ಮುಂದಾಳುಗಳು ಅಧಿಕಾರಕ್ಕೆ ಮಾರಿಕೊಂಡರು, ನಂಬಿದ ಜನ ನಡುನೀರಲ್ಲಿ ಉಳಿದರು ಎಂಬುದು ಅದರ ಸಾರ. ಬಳ್ಳಾರಿಯ ಪಾರ್ವತಿನಗರದ ಓದಿದವರ ಮನೆಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೋ ಸಿರುಗುಪ್ಪ, ಕುರುಗೋಡಿನ ಚಹಾ ಅಂಗಡಿಗಳಲ್ಲೂ ಅಷ್ಟೇ ಸಲೀಸಾಗಿ ಬರುತ್ತದೆ. ಮೀಸಲಾತಿಯನ್ನು ಮೊದಲಿಂದಲೂ ಸಹಿಸದವರು ಹೀಗೆ ಹೇಳಿದರೆ ಉತ್ತರಿಸುವ ಜರೂರು ಇಲ್ಲ. ಆದರೆ ಒಂದು ಕಾಲಕ್ಕೆ ನೀಲಿ ಬಾವುಟ ಹಿಡಿದು ತಾಲೂಕು ಕಚೇರಿಯ ಮುಂದೆ ಕೂತವರೇ ಇಂದು ನೊಂದು ಹೀಗೆ ಹೇಳುತ್ತಾರೆ. ಆ ನೋವು ನಿಜ. ಅದರ ಮೇಲೆ ಕಟ್ಟಿದ ತರ್ಕ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ನಿಲ್ಲದ ತರ್ಕವನ್ನು ನಂಬಿಕೊಂಡು ಕೂತಿರುವುದರಿಂದ ಕೇರಿಯ ಜನಕ್ಕೆ ನಷ್ಟವಾಗುತ್ತಿದೆ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ತೀರ್ಪಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅದರ ಹಿಂದೆ ಗಟ್ಟಿ ಸಂಗತಿಗಳಿವೆ. 1970ರ ದಶಕದ ಮಧ್ಯದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಭದ್ರಾವತಿಯಲ್ಲಿ ಬೇರುಬಿಟ್ಟ ದಲಿತ ಸಂಘರ್ಷ ಸಮಿತಿ (ದಸಂಸ) ಹತ್ತು ಹನ್ನೆರಡು ವರ್ಷಗಳಲ್ಲಿ ಜಿಲ್ಲೆ ಜಿಲ್ಲೆಗೆ ಹಬ್ಬಿತು. ಭೂಮಿಗಾಗಿ, ಕೂಲಿಗಾಗಿ, ಕೊಲೆ ಅತ್ಯಾಚಾರಗಳ ವಿರುದ್ಧ ಅದು ನಡೆಸಿದ ಹೋರಾಟಗಳಿಗೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ರಾಜ್ಯದ ಪ್ರಶ್ನೆಯಾಗಿಸಿದ್ದೂ ಅದೇ. ಆಮೇಲೆ ಏನಾಯಿತು? ಸಮಿತಿಯ ಮುಂದಾಳುಗಳಲ್ಲಿ ಒಬ್ಬರಾದ ಕವಿ ಸಿದ್ಧಲಿಂಗಯ್ಯನವರು 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಮುಂದಿನ ವರ್ಷಗಳಲ್ಲಿ ಕೆಲವರು ಜನತಾ ಪರಿವಾರಕ್ಕೆ, ಕೆಲವರು ಕಾಂಗ್ರೆಸ್ಸಿಗೆ, ಕೆಲವರು ಬಿಎಸ್‌ಪಿಗೆ ನಡೆದರು. ಸಮಿತಿ ಬಣಬಣವಾಗಿ ಒಡೆಯಿತು. ಬಣಗಳು ವ್ಯಕ್ತಿಗಳ ಹೆಸರಿನಿಂದ ಗುರುತಾಗತೊಡಗಿದವು. ಬಹುಜನ ಚಳವಳಿಯಲ್ಲಿ ವರ್ಷಗಟ್ಟಲೆ ದುಡಿದು 2018ರಲ್ಲಿ ಕೊಳ್ಳೇಗಾಲದಿಂದ ಬಿಎಸ್‌ಪಿ ಶಾಸಕರಾದ ಎನ್. ಮಹೇಶ್ ಕೆಲವು ತಿಂಗಳು ಸಚಿವರಾಗಿದ್ದು, 2019ರ ವಿಶ್ವಾಸಮತದ ನಂತರ ಪಕ್ಷದಿಂದ ಉಚ್ಚಾಟಿತರಾಗಿ, 2021ರಲ್ಲಿ ಬಿಜೆಪಿ ಸೇರಿದರು. ನೆರೆಯ ಮಹಾರಾಷ್ಟ್ರದಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಕೆಲವೇ ವರ್ಷಗಳಲ್ಲಿ ಚೂರಾಯಿತು. ಇಷ್ಟನ್ನು ಸಾಲಾಗಿ ಜೋಡಿಸಿದರೆ ತೀರ್ಪು ತಾನಾಗಿಯೇ ಹೊರಬಂದಂತೆ ಕಾಣುತ್ತದೆ.

ಆದರೆ ಒಂದಾದ ಮೇಲೊಂದು ನಡೆದದ್ದರಿಂದ ಮೊದಲಿನದೇ ಎರಡನೆಯದಕ್ಕೆ ಕಾರಣ ಎಂದಾಗುವುದಿಲ್ಲ. ಈ ತೀರ್ಪಿನೊಳಗೆ ಮೂರು ಬೇರೆ ಬೇರೆ ಮಾತುಗಳು ಗಂಟುಬಿದ್ದಿವೆ, ಬಿಡಿಸಿ ನೋಡಬೇಕು.

1. ಚಳವಳಿ ಪಕ್ಷ ರಾಜಕಾರಣದ ಹೊರಗೆ ಶುದ್ಧವಾಗಿ ಇತ್ತು, ಹಾಗೆಯೇ ಇರಬಹುದಿತ್ತು.

2. ಒಳಗೆ ಹೋದವರು ಸುಮ್ಮನಾದದ್ದಕ್ಕೆ ಅವರ ಸ್ವಭಾವ, ಅವರ ಆಸೆ ಕಾರಣ.

3. ಬೆಂಬಲಿಸಿದ ತಳಮಟ್ಟದ ಜನ ತಿಳಿಯದೆ ಮೋಸಹೋದರು.

ಮೊದಲನೆಯದನ್ನು ತೆಗೆದುಕೊಳ್ಳೋಣ. ಕರ್ನಾಟಕದ ದಲಿತ ಚಳವಳಿಯ ಹುಟ್ಟಿನ ಕಥೆಯೇ ಇದನ್ನು ಸುಳ್ಳಾಗಿಸುತ್ತದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಬಿ. ಬಸವಲಿಂಗಪ್ಪನವರು ಆಗ ದೇವರಾಜ ಅರಸು ಸಂಪುಟದ ಸಚಿವರು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದೂ ಅವರು ಸಚಿವರಾಗಿದ್ದಾಗಲೇ. ಅವರ ಮಾತಿನ ವಿರುದ್ಧ ಗಲಭೆಯೆದ್ದು, ಅವರು ರಾಜೀನಾಮೆ ಕೊಡಬೇಕಾಗಿ ಬಂದಾಗಲೇ ದಲಿತ ವಿದ್ಯಾರ್ಥಿಗಳು, ಮೇಷ್ಟರುಗಳು, ನೌಕರರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಅಂದರೆ ಪಕ್ಷದೊಳಗೆ, ಸಂಪುಟದೊಳಗೆ ಇದ್ದ ಒಬ್ಬ ದಲಿತನಿಗೆ ಆದ ಅನ್ಯಾಯದಿಂದ ಚಳವಳಿಗೆ ಕಿಡಿ ಹತ್ತಿತು. ಮುಂದೆ ಅದು ಎತ್ತಿದ ಬೇಡಿಕೆಗಳಾದರೂ ಯಾರಿಗೆ ಸಲ್ಲಿಸಿದವು? ಸರ್ಕಾರಿ ಜಮೀನಿನ ಹಂಚಿಕೆ, ಹಾಸ್ಟೆಲ್, ಬ್ಯಾಕ್‌ಲಾಗ್ ಹುದ್ದೆ, ಪೊಲೀಸರ ಮೇಲೆ ಕ್ರಮ ಇವೆಲ್ಲ ವಿಧಾನಸೌಧದಲ್ಲಿ ತೀರ್ಮಾನವಾಗಬೇಕಾದವು. ಹೊರಗೆ ನಿಂತು ಒಳಗಿನವರ ಕೈಯಿಂದ ಕೆಲಸ ಮಾಡಿಸುವುದು ಚಳವಳಿಯ ಕಸುಬಾಗಿತ್ತು. ಒಳಗೆ ಯಾರೂ ಕೇಳುವವರಿಲ್ಲದಿದ್ದರೆ ಹೊರಗಿನ ಘೋಷಣೆ ಗೇಟಿನ ಬಳಿಯೇ ಉಳಿಯುತ್ತದೆ.

ಇದನ್ನು ಹತ್ತಿರದಿಂದ ನೋಡಲು ಒಂದೇ ಕಾನೂನು ಸಾಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗುವುದನ್ನು ತಡೆಯುವ 1978ರ ಕಾಯ್ದೆ, ಹಳ್ಳಿಗಳಲ್ಲಿ ಎಲ್ಲರೂ ಪಿಟಿಸಿಎಲ್ ಎನ್ನುವುದು, ಅರಸು ಕಾಲದ್ದು. ಕಾಯ್ದೆ ಬಂದದ್ದು ಶಾಸನಸಭೆಯಿಂದ. ಆದರೆ ಕೈಬಿಟ್ಟ ಜಮೀನನ್ನು ಮರಳಿ ಪಡೆಯುವ ದಾರಿ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಿಂದ ಶುರುವಾಗುತ್ತದೆ. ಅಜ್ಜನ ಹೆಸರಿನ ಸಾಗುವಳಿ ಚೀಟಿ ಸಿಗಬೇಕು. ಸಿಗದಿದ್ದರೆ ಮಂಜೂರಾತಿ ವಹಿಯ ನಕಲಿಗೆ ಅರ್ಜಿ ಕೊಡಬೇಕು. ಹಳೆಯ ಕೈಬರಹದ ಪಹಣಿಗಳನ್ನು ವರ್ಷವಾರು ತೆಗೆಸಿ ಯಾವ ಸಾಲಿನಲ್ಲಿ ಹೆಸರು ಬದಲಾಯಿತೆಂದು ಹುಡುಕಬೇಕು. ಆಮೇಲೆ ಉಪವಿಭಾಗಾಧಿಕಾರಿಯ ಮುಂದೆ, ಅಂದರೆ ಎ.ಸಿ. ಕೋರ್ಟಿನಲ್ಲಿ, ಅರ್ಜಿ. ಅಲ್ಲಿ ಗೆದ್ದರೆ ಎದುರಿನವರು ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕುತ್ತಾರೆ, ಅದಾದರೆ ಹೈಕೋರ್ಟ್. ದಿನಗೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಈ ಒಂದೊಂದು ಮೆಟ್ಟಿಲಲ್ಲೂ ಜೊತೆಗೆ ನಡೆಯುವವರು ಬೇಕು. ಅಂಥವರು ಸಂಘಟನೆಯ ತಾಲೂಕು ಶಾಖೆಯಲ್ಲಿ ಇರುತ್ತಿದ್ದರು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಸಲ್ಲಿಸಲು ಕಾಯ್ದೆಯಲ್ಲಿ ಗಡುವಿಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಬರಬೇಕೆಂದು ಹೇಳಿದ ಮೇಲೆ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. ಸಂತ್ರಸ್ತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಲು ಮುಂದಾಯಿತು. ಇಲ್ಲಿ ಗೆದ್ದವರು ಯಾರು? ಶಾಖೆಯಿಲ್ಲದೆ ಅರ್ಜಿಯೇ ಇರುತ್ತಿರಲಿಲ್ಲ, ಧರಣಿಯಿಲ್ಲದೆ ತಿದ್ದುಪಡಿಯ ಮಾತೇ ಏಳುತ್ತಿರಲಿಲ್ಲ, ಸದನದಲ್ಲಿ ಕೈ ಎತ್ತುವವರಿಲ್ಲದೆ ಧರಣಿಗೆ ಫಲವಿರುತ್ತಿರಲಿಲ್ಲ. ಒಂದನ್ನು ಶುದ್ಧ, ಇನ್ನೊಂದನ್ನು ಮೈಲಿಗೆ ಎಂದು ಕರೆದರೆ ಕೆಲಸ ನಡೆಯುವ ಬಗೆಯೇ ಅರ್ಥವಾಗುವುದಿಲ್ಲ. ಮೈಲಿಗೆಯ ಲೆಕ್ಕವನ್ನು ಒಡೆಯಲು ಹುಟ್ಟಿದ ಚಳವಳಿಯನ್ನು ಅದೇ ಲೆಕ್ಕದಲ್ಲಿ ಅಳೆಯುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಮೂರನೆಯ ಮಾತು. ಎರಡನೆಯದಕ್ಕಿಂತ ಮೊದಲು ಇದನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಬಳ್ಳಾರಿ ಜಿಲ್ಲೆ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಆಗ ರಾಜ್ಯದ ವಿಧಾನಸಭೆಯಲ್ಲಿ ಪಂಗಡಕ್ಕೆ ಮೀಸಲಾಗಿದ್ದವು 2 ಸ್ಥಾನ ಮಾತ್ರ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಅವು 15 ಆದವು. ಅವುಗಳಲ್ಲಿ 5 ಅಂದಿನ ಬಳ್ಳಾರಿ ಜಿಲ್ಲೆಯೊಂದರಲ್ಲೇ ಬಂದವು: ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮೀಣ, ಸಂಡೂರು, ಕೂಡ್ಲಿಗಿ. ಲೋಕಸಭಾ ಸ್ಥಾನವೂ ಪಂಗಡಕ್ಕೆ ಮೀಸಲಾಯಿತು. ಆದರೂ ನೌಕರಿ, ಶಿಕ್ಷಣದಲ್ಲಿ ಪಂಗಡದ ಪಾಲು ಶೇ. 3ರಲ್ಲೇ ನಿಂತಿತ್ತು. ಶೇ. 7.5 ಕೊಡಿ ಎಂದು ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದಿಂದ 2019ರಲ್ಲಿ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. 2022ರಲ್ಲಿ ಪೀಠದ ಸ್ವಾಮೀಜಿ ಫ್ರೀಡಂ ಪಾರ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಅದೇ ವರ್ಷ ಅಕ್ಟೋಬರಿನಲ್ಲಿ ಬಿಜೆಪಿ ಸರ್ಕಾರ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದನ್ನು ಶೇ. 15ರಿಂದ 17ಕ್ಕೆ ಏರಿಸಿತು. ಏಳು ತಿಂಗಳ ನಂತರ ಚುನಾವಣೆ ನಡೆದಾಗ, ಪಂಗಡಕ್ಕೆ ಮೀಸಲಾದ 15 ಸ್ಥಾನಗಳಲ್ಲಿ ಕಾಂಗ್ರೆಸ್ 14 ಗೆದ್ದಿತು, ಜೆಡಿಎಸ್ 1. ಮೀಸಲಾತಿ ಏರಿಸಿದ ಪಕ್ಷಕ್ಕೆ ಒಂದೂ ಬರಲಿಲ್ಲ. ಕಾರಣಗಳು ಹಲವಿರಬಹುದು, ಈ ಕ್ಷೇತ್ರಗಳ ಎಲ್ಲ ಜಾತಿಗಳ ಮತವೂ ಇದರಲ್ಲಿ ಸೇರಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕೊಟ್ಟದ್ದನ್ನು ಹಕ್ಕೆಂದು ತೆಗೆದುಕೊಂಡು, ಮತವನ್ನು ಬೇರೆ ಲೆಕ್ಕದ ಮೇಲೆ ಹಾಕಿದ ಈ ಜನರನ್ನು ಯಾವ ಬಾಯಲ್ಲಿ ಮೋಸಹೋದ ಮುಗ್ಧರು ಎನ್ನುವುದು?

ಸಿರುಗುಪ್ಪದ ದಾಖಲೆ ಇನ್ನೂ ನೇರವಾಗಿದೆ. ಮೀಸಲು ಕ್ಷೇತ್ರವಾದ ಮೇಲೆ ಅಲ್ಲಿ ನಾಲ್ಕು ಸಾರ್ವತ್ರಿಕ ಚುನಾವಣೆ ನಡೆದಿವೆ. 2008ರಲ್ಲಿ ಬಿಜೆಪಿಯ ಎಂ.ಎಸ್. ಸೋಮಲಿಂಗಪ್ಪ, 2013ರಲ್ಲಿ ಕಾಂಗ್ರೆಸ್ಸಿನ ಬಿ.ಎಂ. ನಾಗರಾಜ, 2018ರಲ್ಲಿ ಮತ್ತೆ ಸೋಮಲಿಂಗಪ್ಪ, 2023ರಲ್ಲಿ ಮತ್ತೆ ನಾಗರಾಜ. 2008ರ ನಂತರ ಪ್ರತಿ ಸಲವೂ ಕೂತವರನ್ನು ಎಬ್ಬಿಸಿದ್ದಾರೆ. ಬಳ್ಳಾರಿ ಗ್ರಾಮೀಣದಲ್ಲೂ ಅಷ್ಟೇ. ಬಿ. ಶ್ರೀರಾಮುಲು 2011ರಲ್ಲಿ ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತಾಗ ಅವರನ್ನು ಗೆಲ್ಲಿಸಿದ ಕ್ಷೇತ್ರವೇ 2023ರಲ್ಲಿ ಅವರನ್ನು ಸೋಲಿಸಿತು. ಕೊಳ್ಳೇಗಾಲದ ಮತದಾರರೂ ಪಕ್ಷ ಬದಲಿಸಿದ ಮಹೇಶ್ ಅವರನ್ನು ಅದೇ ವರ್ಷ ಮನೆಗೆ ಕಳಿಸಿದರು. ಊರಿನ ವರ್ತಕನೋ ಜಮೀನ್ದಾರನೋ ಐದು ವರ್ಷಕ್ಕೊಮ್ಮೆ ಪಕ್ಷ ಬದಲಿಸಿದರೆ ಅವನನ್ನು ಜಾಣ ಎನ್ನುತ್ತಾರೆ. ಕೇರಿಯವರು ಬದಲಿಸಿದರೆ ಸಾರಾಯಿಗೆ, ದುಡ್ಡಿಗೆ ಬಿದ್ದರು ಎನ್ನುತ್ತಾರೆ. ಬೆಂಬಲಿಗರು ಮೋಸಹೋದರು ಎಂಬ ಕನಿಕರದ ಮಾತಿನಲ್ಲೂ ಈ ತಾತ್ಸಾರದ ಪಾಲಿದೆ. ಭತ್ತದ ನಾಟಿಗೆ ಹೋಗುವ ಹೆಂಗಸಿಗೆ ಮನೆಯ ಹಕ್ಕುಪತ್ರ, ವಿಧವಾ ವೇತನ, ಮಗನನ್ನು ಠಾಣೆಗೆ ಕರೆದೊಯ್ದಾಗ ಮಾಡಿಸಬೇಕಾದ ಒಂದು ಫೋನ್ ಇವೆಲ್ಲ ಇಂದಿನ ಅಗತ್ಯಗಳು. ಇವನ್ನು ಮಾಡಿಸಿಕೊಡಬಲ್ಲ ಪಂಚಾಯಿತಿ ಸದಸ್ಯನ ಕಡೆ ಆಕೆ ವಾಲಿದರೆ ಅದು ಲೆಕ್ಕಾಚಾರದ ನಡೆ. ಆ ಲೆಕ್ಕವನ್ನು ತಪ್ಪು ಎನ್ನುವವರು ಆಕೆಗೆ ಬೇರೆ ದಾರಿ ತೋರಿಸಬೇಕು.

ಈಗ ಎರಡನೆಯ ಮಾತು, ನಾಯಕರ ಸ್ವಭಾವದ್ದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪಕ್ಷಗಳಿಗೆ ಹೋದ, ಬೇರೆ ಬೇರೆ ಗುಣದ ಜನರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಸುಮ್ಮನಾದರೆಂದರೆ ಕಾರಣವನ್ನು ಅವರ ಎದೆಯಲ್ಲಿ ಹುಡುಕುವುದಕ್ಕಿಂತ ಅವರು ಹೊಕ್ಕ ಮನೆಯ ಕಟ್ಟಡದಲ್ಲಿ ಹುಡುಕುವುದು ಮೇಲು. ಮೊದಲ ಗೋಡೆ ಕ್ಷೇತ್ರದ ರಚನೆ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಪರಿಶಿಷ್ಟರು, ಗೆಲ್ಲಿಸುವವರು ಎಲ್ಲರೂ. 2011ರ ಜನಗಣತಿಯಂತೆ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 21, ಪಂಗಡದವರು ಸುಮಾರು ಶೇ. 18. ಉಳಿದ ಮತಗಳಿಲ್ಲದೆ ಸಿರುಗುಪ್ಪದಲ್ಲಾಗಲಿ ಕಂಪ್ಲಿಯಲ್ಲಾಗಲಿ ಯಾರೂ ಗೆಲ್ಲಲಾರರು. ತುಂಗಭದ್ರಾ ಕಾಲುವೆಯ ನೀರು ಹರಿಯುವ ಈ ಸೀಮೆಯಲ್ಲಿ ದೊಡ್ಡ ಹಿಡುವಳಿದಾರರನ್ನು ಎದುರುಹಾಕಿಕೊಂಡು ಕೂಲಿಯ ದರ, ಮಂಜೂರಾತಿ ಜಮೀನು ಎಂದು ಮಾತಾಡಿದ ಅಭ್ಯರ್ಥಿ ಮತ ಎಣಿಕೆಯ ದಿನ ಏನಾಗುತ್ತಾನೆಂಬುದು ಎಲ್ಲರಿಗೂ ಗೊತ್ತು. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಟ್ಟ ಅಂಬೇಡ್ಕರ್ ಕೊನೆಯ ಪಕ್ಷ, ಅಭ್ಯರ್ಥಿಗಳನ್ನು ಮೊದಲು ದಲಿತ ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಯನ್ನು ಉಳಿಸಿಕೊಂಡಿದ್ದರು. ಸಂವಿಧಾನದ ಏರ್ಪಾಡಿನಲ್ಲಿ ಅದೂ ಉಳಿಯಲಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಅಂಬೇಡ್ಕರರನ್ನೇ ಸೋಲಿಸಿದವರು ಕಾಂಗ್ರೆಸ್ಸಿನ ದಲಿತ ಅಭ್ಯರ್ಥಿ ನಾರಾಯಣ ಕಾಜ್ರೋಳ್ಕರ್. ಪೂನಾ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1982ರಲ್ಲಿ ಕಾನ್ಶಿರಾಮ್ ಬರೆದ ‘ಚಮಚಾ ಯುಗ’ದ ಕೇಂದ್ರ ವಿಚಾರವೂ ಇದೇ. ಪುಸ್ತಕದ ಹೆಸರು ವ್ಯಕ್ತಿಗಳನ್ನು ಬೈಯುವಂತಿದ್ದರೂ ಅದು ದೂರುವುದು ವ್ಯವಸ್ಥೆಯನ್ನು.

ಎರಡನೆಯ ಗೋಡೆ ಬಿ ಫಾರಂ. ಪಕ್ಷದ ಚಿಹ್ನೆ ಬೇಕಾದರೆ ಆ ಒಂದು ಕಾಗದ ಬೇಕು; ಅದನ್ನು ಕೊಡುವವರು ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಇರುತ್ತಾರೆ. ಕುರುಗೋಡಿನ ಕೇರಿಯ ಜನ ಸಭೆ ಸೇರಿ ಇಂಥವರು ನಮ್ಮ ಅಭ್ಯರ್ಥಿ ಎಂದು ತೀರ್ಮಾನಿಸುವ ವ್ಯವಸ್ಥೆ ಯಾವ ಪಕ್ಷದಲ್ಲೂ ಇಲ್ಲ. ಸಿರುಗುಪ್ಪದವರು ಮೂರು ಸಲ ತಮ್ಮ ತೀರ್ಪು ಬದಲಿಸಿದರೂ ಆಯ್ಕೆ ಮಾತ್ರ ಎರಡು ಬಿ ಫಾರಂಗಳ ನಡುವೆಯೇ ಉಳಿದದ್ದು ಇದರಿಂದ. ಮೂರನೆಯ ಗೋಡೆ ವಿಪ್. 1985ರ ಪಕ್ಷಾಂತರ ನಿಷೇಧದ ನಂತರ, ಪಕ್ಷದ ವಿಪ್ ಮೀರಿ ಮತ ಹಾಕಿದರೆ ಶಾಸಕತ್ವಕ್ಕೇ ಕುತ್ತು. ಪಕ್ಷಾಂತರದ ಪಿಡುಗಿಗೆ ಮದ್ದಾಗಿ ಬಂದ ಕಾನೂನು ಮೀಸಲು ಕ್ಷೇತ್ರದ ಶಾಸಕನನ್ನು ತನ್ನ ಜನಕ್ಕಿಂತ ತನ್ನ ಪಕ್ಷಕ್ಕೆ ಹೆಚ್ಚು ಉತ್ತರದಾಯಿಯಾಗಿಸಿತು. ಈ ಮೂರು ಗೋಡೆಗಳೊಳಗೆ ಹೋಗಿ ನಿಂತವರ ದನಿ ತಗ್ಗಿದ್ದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಎಲ್ಲವನ್ನೂ ವ್ಯವಸ್ಥೆಯ ಮೇಲೆ ಹಾಕಿದರೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲ. ಅಧಿಕಾರದ ಸುಖಕ್ಕೆ ಮಣಿದವರಿಗೆ ಇದು ಸುಲಭದ ನೆಪವಾಗುತ್ತದೆ. ಬಸವಲಿಂಗಪ್ಪನವರು ಇದೇ ವ್ಯವಸ್ಥೆಯೊಳಗೆ ಇದ್ದುಕೊಂಡೇ ಮಾತಾಡಿದರಲ್ಲ, ಉಳಿದವರಿಗೇಕೆ ಆಗಲಿಲ್ಲ? ಈ ಪ್ರಶ್ನೆ ನ್ಯಾಯವಾದದ್ದು. ಮನುಷ್ಯರಲ್ಲಿ ವ್ಯತ್ಯಾಸವಿದೆ, ಗಟ್ಟಿಯಾಗಿ ನಿಂತವರನ್ನೂ ಜಾರಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಹೊಣೆ ಎಂಬುದು ಕೇಳುವವರಿದ್ದಾಗ ಮಾತ್ರ ಹೊಣೆ. ಶಾಸಕನಿಗೆ ಪಕ್ಷ ಕೇಳುತ್ತದೆ, ಗುತ್ತಿಗೆದಾರ ಕೇಳುತ್ತಾನೆ, ದೊಡ್ಡ ಹಿಡುವಳಿದಾರ ಕೇಳುತ್ತಾನೆ. ಕೇರಿಯ ಪರವಾಗಿ, ಐದು ವರ್ಷಕ್ಕೊಮ್ಮೆ ಮತಗಟ್ಟೆಯಲ್ಲಿ ಅಲ್ಲದೆ, ತಿಂಗಳು ತಿಂಗಳು ಕಾಗದ ಹಿಡಿದು ಕೇಳುವವರು ಯಾರು? ಶಾಖೆ ಕೇಳಬೇಕಿತ್ತು. ನಾಯಕ ಪಕ್ಷಕ್ಕೆ ಹೋದಾಗ ಅವನ ಹಿಂದೆಯೇ ಶಾಖೆಯೂ ಹೋಯಿತು. ನಿಜವಾದ ನಷ್ಟ ಆದದ್ದು ಅಲ್ಲಿ. ಸಂಚಾಲಕ ಬೂತ್ ಏಜೆಂಟ್ ಆದ. ಠಾಣೆಗೆ ಹೋಗಿ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ದಾಖಲಿಸುವಂತೆ ಪಟ್ಟುಹಿಡಿಯುತ್ತಿದ್ದವನು, ಆರೋಪಿ ನಮ್ಮ ಪಕ್ಷದವನೋ ಅಲ್ಲವೋ ಎಂದು ಮೊದಲು ನೋಡತೊಡಗಿದ. ನಾಯಕ ಒಳಗೆ ಹೋದದ್ದು ತಪ್ಪಾಗಿರಲಿಲ್ಲ. ಅವನನ್ನು ಕಳಿಸಿದ ಸಂಘಟನೆ ತಾನು ಹೊರಗೇ ಉಳಿದು ಅವನನ್ನು ಪ್ರಶ್ನಿಸುವ ಹಕ್ಕನ್ನು ಕಾಪಾಡಿಕೊಳ್ಳಲಿಲ್ಲ.

ಹೀಗೆ ನೋಡಿದರೆ ‘ರಾಜಕೀಯ ಪ್ರವೇಶ’ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಬೇರೆ ಬೇರೆ ಬಗೆಗಳಿವೆ ಎಂಬುದೂ ಕಾಣುತ್ತದೆ. ಒಬ್ಬ ಮುಂದಾಳು ಈಗಾಗಲೇ ಇರುವ ಪಕ್ಷಕ್ಕೆ ತಾನೊಬ್ಬನೇ ಹೋಗಿ ಸೇರುವುದು ಒಂದು. ಬಿಎಸ್‌ಪಿಯಂತೆ, ಅಥವಾ ರೈತ ಚಳವಳಿ ಮತ್ತು ದಲಿತ ಚಳವಳಿಯ ಕೆಲವರು ಸೇರಿ 2005ರಲ್ಲಿ ಕಟ್ಟಿದ ಸರ್ವೋದಯ ಕರ್ನಾಟಕದಂತೆ, ಸ್ವಂತ ಪಕ್ಷ ಕಟ್ಟುವುದು ಇನ್ನೊಂದು. ಸಂಘಟನೆಯಾಗಿಯೇ ಉಳಿದು ಷರತ್ತಿನ ಮೇಲೆ ಬೆಂಬಲಿಸುವುದು ಮತ್ತೊಂದು. ಬಳ್ಳಾರಿಯಲ್ಲಿ ಇವು ಯಾವುದಕ್ಕೂ ಹೊಂದದ ಒಂದು ಪ್ರಯೋಗವೂ ನಡೆಯಿತು. ಶ್ರೀರಾಮುಲು 2011ರಲ್ಲಿ ಕಟ್ಟಿದ ಬಡವರ ಶ್ರಮಿಕರ ರೈತರ ಕಾಂಗ್ರೆಸ್ 2013ರಲ್ಲಿ 4 ಸ್ಥಾನ ಗೆದ್ದು, 2014ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಜೆಪಿಯೊಳಗೆ ಸೇರಿಹೋಯಿತು. ಅದನ್ನು ತಳಸಮುದಾಯದ ಚಳವಳಿಯೊಂದು ಪಕ್ಷವಾದ ನಿದರ್ಶನವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದಕ್ಕೆ ಸಮುದಾಯದ ಅಭಿಮಾನವಿತ್ತು, ಹಣವಿತ್ತು, ಜನಪ್ರಿಯ ಮುಖವಿತ್ತು. ಮೂರು ವರ್ಷದಲ್ಲಿ ಅದನ್ನು ಮುಚ್ಚುವಾಗ ಬೇಡವೆನ್ನುವ ಅಧಿಕಾರವಿದ್ದ ಒಂದೇ ಒಂದು ತಳಮಟ್ಟದ ಘಟಕ ಅದಕ್ಕಿರಲಿಲ್ಲ. ಹಾಗಾಗಿ ಇದರಿಂದ ಚಳವಳಿಗಳ ಬಗ್ಗೆ ಪಾಠ ತೆಗೆಯಲು ಹೋದರೆ ತಪ್ಪು ಪಾಠ ಸಿಗುತ್ತದೆ.

ಷರತ್ತಿನ ಬೆಂಬಲದ ಬಗೆ ಹೆಚ್ಚು ಕಲಿಸುತ್ತದೆ. 2022ರ ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ ದಸಂಸದ ಬಣಗಳು ವರ್ಷಗಳ ಮುನಿಸು ಬಿಟ್ಟು ಒಂದೇ ವೇದಿಕೆಗೆ ಬಂದವು. ಮುಂದಿನ ವರ್ಷದ ಚುನಾವಣೆಯಲ್ಲಿ ಹಲವು ಬಣಗಳು ಬಿಜೆಪಿಯನ್ನು ಸೋಲಿಸಲು ಬಹಿರಂಗವಾಗಿ ಕರೆಕೊಟ್ಟವು. ಪರಿಶಿಷ್ಟರ ಉಪಯೋಜನೆಯ 2013ರ ಕಾಯ್ದೆಯಲ್ಲಿ, ಹಣವನ್ನು ಸಾಮಾನ್ಯ ಕಾಮಗಾರಿಗಳಿಗೆ ತೋರಿಸಲು ಅವಕಾಶ ಕೊಡುತ್ತಿದ್ದ 7(ಡಿ) ಕಲಮನ್ನು ತೆಗೆಯಬೇಕೆಂಬುದು ಹಳೆಯ ಬೇಡಿಕೆ. ಹೊಸ ಕಾಂಗ್ರೆಸ್ ಸರ್ಕಾರ 2023ರಲ್ಲಿ ಅದನ್ನು ತೆಗೆಯಿತು. ಅದೇ ವರ್ಷ ಅದೇ ಉಪಯೋಜನೆಯ ಹನ್ನೊಂದು ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ಹೊಂದಿಸಿತು. ಗ್ಯಾರಂಟಿಗಳ ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ, ಅವರ ಪಾಲಿನಷ್ಟೇ ಹಣ ಬಳಸಿದ್ದೇವೆ ಎಂಬುದು ಸರ್ಕಾರದ ಸಮರ್ಥನೆ. ಆದರೆ ಎಲ್ಲರಿಗೂ ಸಿಗುವ ಅಕ್ಕಿಗೆ, ಬಸ್ಸಿಗೆ ಪರಿಶಿಷ್ಟರು ಮಾತ್ರ ತಮ್ಮ ಮೀಸಲು ಹಣದಿಂದ ತೆರಬೇಕಾದರೆ ಆ ಕಾಯ್ದೆ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ಪ್ರತಿಭಟನೆಗಳಾದವು, ಸರ್ಕಾರ ಅಲುಗಲಿಲ್ಲ. ಷರತ್ತು ಹಾಕಿದವರ ಬಳಿ ಷರತ್ತು ಮುರಿದಾಗ ತಾಲೂಕು ತಾಲೂಕಿನಲ್ಲಿ ಜನ ಎಬ್ಬಿಸುವ ಶಾಖೆಗಳು ಆ ಹೊತ್ತಿಗೆ ತೆಳುವಾಗಿದ್ದವು. ಬೆಂಬಲ ಕೊಟ್ಟದ್ದು ತಪ್ಪೆಂದು ಇದರಿಂದ ತೀರ್ಮಾನಿಸಲಾಗದು. ವಾಪಸು ಪಡೆಯುವ ತಾಕತ್ತಿಲ್ಲದೆ ಕೊಟ್ಟದ್ದು ತಪ್ಪು.

ಶಾಖೆ ಉಳಿಸಿಕೊಂಡು ಎಲ್ಲ ಪಕ್ಷಗಳ ಜೊತೆ ವ್ಯವಹರಿಸುವುದು ಕನಸಿನ ಮಾತು, ಹಳ್ಳಿಯ ರಾಜಕೀಯದಲ್ಲಿ ಯಾರೂ ಹೊರಗುಳಿಯಲಾರರು ಎಂದು ಅನುಭವಸ್ಥರು ಹೇಳಬಹುದು. ಒಳಮೀಸಲಾತಿ ಹೋರಾಟ ಇದಕ್ಕೆ ಉತ್ತರ. ಪರಿಶಿಷ್ಟ ಜಾತಿಗಳೊಳಗೆ ಮಾದಿಗ ಮತ್ತಿತರ ಹಿಂದುಳಿದ ಜಾತಿಗಳಿಗೆ ಪ್ರತ್ಯೇಕ ಪಾಲು ಬೇಕೆಂಬ ಹೋರಾಟಕ್ಕೆ ಮಣಿದು 2005ರಲ್ಲಿ ಸದಾಶಿವ ಆಯೋಗ ರಚನೆಯಾಯಿತು, 2012ರಲ್ಲಿ ವರದಿ ಬಂತು. ಆಮೇಲೆ ಬಂದ ಪ್ರತಿ ಪಕ್ಷದ ಸರ್ಕಾರವೂ ಅದನ್ನು ಕಪಾಟಿನಲ್ಲಿಟ್ಟಿತು. ಹೋರಾಟಗಾರರ ಸಹಾನುಭೂತಿ ಪಕ್ಷಗಳ ನಡುವೆ ಹಂಚಿಹೋಗಿದ್ದರೂ ಅವರು ಬೇಡಿಕೆಯನ್ನು ಯಾವ ಪಕ್ಷದ ಕೈಗೂ ಒಪ್ಪಿಸಲಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣವನ್ನು ಎತ್ತಿಹಿಡಿಯಿತು, ನ್ಯಾ. ನಾಗಮೋಹನದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಎಂದು ಹಂಚಿತು. ಅಲೆಮಾರಿ ಸಮುದಾಯಗಳನ್ನು ದೊಡ್ಡ ಗುಂಪಿನೊಂದಿಗೆ ಸೇರಿಸಿದ ಈ ಹಂಚಿಕೆ ಆ ದುರ್ಬಲರಿಗೆ ನ್ಯಾಯ ಕೊಡಲಿಲ್ಲ ಎಂಬ ದೂರು ನನ್ನ ದೃಷ್ಟಿಯಲ್ಲಿ ಸರಿಯಾದದ್ದು. ಅಲೆಮಾರಿಗಳಿಗೆ ಸಂಖ್ಯೆಯೂ ಇಲ್ಲ, ಶಾಖೆಯೂ ಇಲ್ಲ, ಒಳಗೆ ಕೂತ ಶಾಸಕರೂ ಇಲ್ಲ. ಹಂಚಿಕೆಯಲ್ಲಿ ಅವರು ಕಳೆದುಕೊಂಡದ್ದು ಇದೇ ಕಾರಣಕ್ಕೆ.

ಕೊನೆಗೆ ಬಳ್ಳಾರಿಯ ಇಂದಿನ ಸ್ಥಿತಿಗೆ ಬರಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿಯಲ್ಲಿ ಉಳಿದ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಪಂಗಡಕ್ಕೆ ಮೀಸಲು, ಬಳ್ಳಾರಿ ನಗರ ಸಾಮಾನ್ಯ. ಪರಿಶಿಷ್ಟ ಜಾತಿಗೆ ಮೀಸಲಾದ ಎರಡೂ ಕ್ಷೇತ್ರಗಳು, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ, ಆ ಕಡೆ ಹೋದವು. ಸಿರುಗುಪ್ಪದ, ಕುರುಗೋಡಿನ ಮಾದಿಗರು, ಹೊಲೆಯರು ತಮ್ಮ ಜಿಲ್ಲೆಯಿಂದ ಒಬ್ಬ ಮೀಸಲು ಶಾಸಕನನ್ನೂ ಕಳಿಸಲಾರರು. ರಾಜಕೀಯಕ್ಕೆ ಹೋಗಬೇಕೋ ಬೇಡವೋ ಎಂಬ ಚರ್ಚೆಯೇ ಅವರಿಗೆ ಬಹುಪಾಲು ಅಪ್ರಸ್ತುತ. ಬೇರೆಯವರು ಆರಿಸಿದ, ಬೇರೆ ಸಮುದಾಯದ ಶಾಸಕನಿಂದ ತಮ್ಮ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರಿಗೆ ಮೀಸಲು ಸ್ಥಾನದ ಮೂಲಕ ತಾವೇ ಕೂರಲು ಸಾಧ್ಯವಿದ್ದ ಜಾಗಗಳೆಂದರೆ ಗ್ರಾಮ, ತಾಲೂಕು, ಜಿಲ್ಲಾ ಪಂಚಾಯಿತಿಗಳು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಬಿ ಫಾರಂ ಬೇಕಿಲ್ಲ. ಶಾಖೆಯ ಒಬ್ಬ ಕಾರ್ಯಕರ್ತೆ ಅಲ್ಲಿಂದ ತಾಲೂಕು ಪಂಚಾಯಿತಿಗೆ, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ ಏರಿ, ಶಾಸಕನ ಎದುರು ಸಮನಾಗಿ ಕೂತು ಲೆಕ್ಕ ಕೇಳಬಹುದಿತ್ತು. 2021ರಲ್ಲಿ ಅವಧಿ ಮುಗಿದ ಆ ಎರಡು ಮೆಟ್ಟಿಲುಗಳಿಗೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಿಂದಿನ ಸರ್ಕಾರಕ್ಕೂ ಬೇಕಾಗಿರಲಿಲ್ಲ, ಆಮೇಲಿನದಕ್ಕೂ ಅವಸರವಿರಲಿಲ್ಲ. ತಮ್ಮ ಅಧಿಕಾರದಲ್ಲಿ ಪಾಲು ಕೇಳುವವರು ಹುಟ್ಟುವುದು ಶಾಸಕರಿಗೆ ಹಿತವಾದ ಸಂಗತಿಯಲ್ಲ. ಮೀಸಲಾತಿಯ ಶೇಕಡಾವಾರಿಗೆ ಪಾದಯಾತ್ರೆ ಹೊರಡಿಸಿದ, ಉಪಯೋಜನೆಗೆ ಸಮಾವೇಶ ನಡೆಸಿದ ಸಂಘಟನೆಗಳಲ್ಲಿ ಒಂದಾದರೂ ಈ ಚುನಾವಣೆ ನಡೆಸಿ ಎಂದು ಬಳ್ಳಾರಿಯಿಂದ ಬೆಂಗಳೂರಿಗೆ ನಡೆಯಬೇಕಿತ್ತು. ಈಗಲಾದರೂ ಸಿರುಗುಪ್ಪ, ಕುರುಗೋಡಿನ ಶಾಖೆಗಳು ಮೊದಲು ಕೈಗೆತ್ತಿಕೊಳ್ಳಬೇಕಾದ ಬೇಡಿಕೆ ಇದೆಂದು ನಾನು ಹೇಳುತ್ತೇನೆ. ಅದಕ್ಕೆ ಆಯಾ ಕ್ಷೇತ್ರದ ಶಾಸಕರು ಸದನದಲ್ಲಿ ಏನು ಹೇಳಿದರೆಂಬುದನ್ನು ಊರೂರಿನ ಕೇರಿಗಳಲ್ಲಿ ಓದಿ ಹೇಳುವ ಕೆಲಸವನ್ನು ಯಾವ ಪಕ್ಷದ ಕಾರ್ಯಕರ್ತನೂ ಮಾಡುವುದಿಲ್ಲ. ಶಾಖೆಯೇ ಮಾಡಬೇಕು.